ರೊಕ್ಕದ ವಿದ್ಯೆ ಕಲಿಸಿದ ಬಾಬಾಸಾಹೇಬರು



ಬಾಬಾಸಾಹೇಬರ ಫೋಟೋ ನಿಮ್ಮ ಮನೆಯಾಗ ಇದ್ದೇ ಇರ್ತದ. ನೀಲಿ ಕೋಟು, ಕಣ್ಣಿಗೆ ಚಷ್ಮಾ, ಕೈಯಲ್ಲಿ ಸಂವಿಧಾನ. ಏಪ್ರಿಲ್ 14ಕ್ಕೆ ಹಾರ ಹಾಕ್ತೀವಿ, ಡಿಸೆಂಬರ್ 6ಕ್ಕೆ ಮೇಣದಬತ್ತಿ ಹಚ್ಚತೀವಿ. ಸಂವಿಧಾನ ಬರೆದವರು, ಮಹಾಡದ ಕೆರೆ ನೀರು ಮುಟ್ಟಿಸಿದವರು, ಬುದ್ಧನ ದಾರಿ ತೋರಿಸಿದವರು ಅಂತ ಸಣ್ಣ ಕೂಸು ಸಹ ಹೇಳ್ತದ. ಆದರೆ ಒಂದು ಮಾತು ನಾವು ಭಾಷಣಗಳಲ್ಲಿ ಬಹಳ ಕಡಿಮೆ ಕೇಳ್ತೀವಿ. ಬಾಬಾಸಾಹೇಬರು ವಕೀಲರಾಗುವ ಮೊದಲು, ನಾಯಕರಾಗುವ ಮೊದಲು, ರೊಕ್ಕದ ಶಾಸ್ತ್ರ ಓದಿದವರು. ಅವರು ಮೊದಲು ಪಾಠ ಹೇಳಿದ್ದು ಕಾಮರ್ಸ್ ಕಾಲೇಜಿನಲ್ಲಿ. ಅವರ ದೊಡ್ಡ ಪದವಿಗಳೆಲ್ಲ ಅರ್ಥಶಾಸ್ತ್ರದವು. ನಾಣ್ಯ, ತೆರಿಗೆ, ಸರ್ಕಾರದ ಜಮಾ-ಖರ್ಚು, ಇವೇ ಅವರ ಮೊದಲ ಪುಸ್ತಕಗಳ ವಿಷಯ.

ಈ ಸಂಚಿಕೆಯಲ್ಲಿ ಅವರ ಜೀವನದ ಆ ಒಂದು ಎಳೆಯನ್ನಷ್ಟೇ ಹಿಡಿದು ಹೇಳಬೇಕು ಅನಿಸಿತು. ಕಾರಣ ಅದ. ನಮ್ಮ ಓಣಿಯ ಹುಡುಗೂರು ಹತ್ತನೇ, ಹನ್ನೆರಡನೇ ಮುಗಿಸಿ ಮುಂದೇನು ಅಂತ ಕುಂತಿದಾರ. ಕನ್ನಡ ಸಾಲಿಯಲ್ಲಿ ಓದಿದವರಿಗೆ ಕಾಲೇಜಿನ ಮರಾಠಿಯೂ ಹೊಸದು, ಇಂಗ್ಲಿಷೂ ಹೊಸದು. ಮನೆಯಲ್ಲಿ ಅವ್ವ ಬಚತ್ ಗಟಕ್ಕೆ ವಾರದ ಹಫ್ತಾ ಕಟ್ಟತಾಳ, ಬಡ್ಡಿ ಎಷ್ಟು ಅಂತ ಕೇಳಿದರ ಆಕೆಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ಬ್ಯಾಂಕಿಂಗ್, ಹಣಕಾಸು, ಲೆಕ್ಕಪತ್ರ ಮತ್ತು ಬೇರೆ ಕಸುಬಿನ ಕೋರ್ಸುಗಳು ಸಮುದಾಯ ಕಾಲೇಜುಗಳಲ್ಲಿ ಬಂದಿವೆ. ಅವು ನಮಗಲ್ಲ ಅಂತ ಯಾರಾದರೂ ಅಂದರೆ, ಬಾಬಾಸಾಹೇಬರ ಜೀವನವೇ ಅದಕ್ಕೆ ಉತ್ತರ. ಓದಿ ನೋಡ್ರಿ.

ಅಪ್ಪ ಕ್ಯಾಶಿಯರ್, ಮಗನಿಗೆ ನೀರಿಲ್ಲ

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಳ ಸೈನ್ಯದಲ್ಲಿ ಸುಬೇದಾರ, ಸೈನ್ಯದ ಸಾಲಿಯಲ್ಲಿ ಮಾಸ್ತರರೂ ಆಗಿದ್ದವರು. ತಾಯಿ ಭೀಮಾಬಾಯಿ. ಹದಿನಾಲ್ಕು ಮಕ್ಕಳಲ್ಲಿ ಇವರೇ ಕಡೆಯವರು. ತಂದೆ ನಿವೃತ್ತರಾದ ಮೇಲೆ ಮನೆ ಸಾತಾರಾಕ್ಕೆ ಬಂತು. ಅಲ್ಲೇ ತಾಯಿ ತೀರಿಕೊಂಡರು. ಮಗ ಇನ್ನೂ ಸಣ್ಣವ.

ಬರಗಾಲದ ದಿನಗಳವು. ಗೋರೆಗಾಂವದಲ್ಲಿ ಸರ್ಕಾರ ಬರಪೀಡಿತರಿಗೆ ಕೂಲಿ ಕೊಡಲು ಕೆರೆ ಅಗೆಸುತ್ತಿತ್ತು. ಅಲ್ಲಿ ರಾಮಜಿಯವರಿಗೆ ಕ್ಯಾಶಿಯರ್ ಕೆಲಸ. ಸಾವಿರಾರು ಜನರ ಪಗಾರದ ರೊಕ್ಕ ಅವರ ಕೈಯಿಂದ ಹೋಗುತ್ತಿತ್ತು. 1901ರ ಬೇಸಿಗೆ ರಜೆಯಲ್ಲಿ ಅಪ್ಪನನ್ನು ನೋಡಲು ಭೀಮರಾವ್, ಅವರ ಅಣ್ಣ, ಅಕ್ಕನ ಇಬ್ಬರು ಮಕ್ಕಳು ರೈಲು ಹತ್ತಿದರು. ಹೊಸ ಬಟ್ಟೆ, ಹೊಸ ಟೋಪಿ. ಮಸೂರ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ ಮೊದಲು ಅಕ್ಕರೆಯಿಂದಲೇ ಮಾತಾಡಿಸಿದ. ಜಾತಿ ಕೇಳಿದ ಕೂಡಲೇ ಅವನ ಮುಖ ಬದಲಾಯಿತು. ಎತ್ತಿನ ಗಾಡಿಯವರು ಯಾರೂ ಒಲ್ಲೆ ಅಂದರು. ಕಡೆಗೆ ಎರಡು ಪಟ್ಟು ಬಾಡಿಗೆ ಕೊಡುವುದು, ಗಾಡಿಯನ್ನು ಹುಡುಗರೇ ಹೊಡೆಯುವುದು, ಗಾಡಿಯವ ಪಕ್ಕದಲ್ಲಿ ನಡೆದು ಬರುವುದು ಅಂತ ಒಪ್ಪಂದವಾಯಿತು. ರಾತ್ರಿಯ ದಾರಿ. ಬುತ್ತಿಯಲ್ಲಿ ಊಟ ಇತ್ತು, ಕುಡಿಯಲು ಹನಿ ನೀರಿಲ್ಲ. ಟೋಲ್ ನಾಕಾದವನೂ ಕೊಡಲಿಲ್ಲ. ಊಟ ಕಟ್ಟಿಟ್ಟುಕೊಂಡು ಹಸಿದೇ ಮಲಗಿದರು.

ಇಲ್ಲಿ ಸ್ವಲ್ಪ ನಿಲ್ಲಿರಿ. ಕೈಯಲ್ಲಿ ರೊಕ್ಕ ಇತ್ತು. ಎರಡು ಪಟ್ಟು ಕೊಟ್ಟರು. ಆದರೂ ನೀರು ಸಿಗಲಿಲ್ಲ. ರೊಕ್ಕ ಇದ್ದರೆ ಜಾತಿ ಹೋಗ್ತದ ಅನ್ನುವ ಮಾತು ಸುಳ್ಳು ಅಂತ ಬಾಬಾಸಾಹೇಬರು ಒಂಬತ್ತು-ಹತ್ತನೇ ವಯಸ್ಸಿನಲ್ಲೇ ಕಲಿತರು. ಈ ಪಾಠ ಮರೆಯದೇ ಅವರು ರೊಕ್ಕದ ಶಾಸ್ತ್ರ ಓದಿದರು. ನಾವೂ ಅದನ್ನು ಮರೆಯದೇ ಮುಂದೆ ಹೋಗೋಣ.

ಅಡವಿಟ್ಟ ಬಂಗಾರ, ತಂದ ಪುಸ್ತಕ

1904ರ ಹೊತ್ತಿಗೆ ಮನೆ ಮುಂಬೈಗೆ ಬಂತು. ಪರಳದ ಚಾಳಿನಲ್ಲಿ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಅದರಲ್ಲೇ ಓದು. ಮಗ ಹೊಸ ಪುಸ್ತಕ ಬೇಕು ಅಂದರೆ ರಾಮಜಿ ಇಲ್ಲ ಅನ್ನುತ್ತಿರಲಿಲ್ಲ. ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆ ಇಸಗೊಂಡು, ಸಾಹುಕಾರನ ಹತ್ತಿರ ಅಡವಿಟ್ಟು ಪುಸ್ತಕ ತರುತ್ತಿದ್ದರು. ಪೆನ್ಷನ್ ಬಂದ ಕೂಡಲೇ ಬಿಡಿಸಿ ವಾಪಸ್ ಕೊಡುತ್ತಿದ್ದರು. ಸಾಲ ಅನ್ನುವುದು ಎರಡು ಥರ. ಮದುವೆಗೆ, ಜಾತ್ರೆಗೆ ಮಾಡುವ ಸಾಲ ಒಂದು. ಓದಿಗೆ ಮಾಡಿ, ದಿನ ತಪ್ಪದೇ ತೀರಿಸುವ ಸಾಲ ಇನ್ನೊಂದು. ರಾಮಜಿ ಮಾಡಿದ್ದು ಎರಡನೆಯದು.

1907ರಲ್ಲಿ ಭೀಮರಾವ್ ಮೆಟ್ರಿಕ್ ಪಾಸಾದರು. ಸಂಸ್ಕೃತ ಕಲಿಸಲು ಒಪ್ಪದ ಕಾರಣ ಪರ್ಶಿಯನ್ ಓದಬೇಕಾಗಿ ಬಂದಿತ್ತು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಆಯಿತು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಬಡೋದೆ ಸಂಸ್ಥಾನದ ನೆರವಿನಿಂದ ಮಗ ಅಮೆರಿಕದ ಹಡಗು ಹತ್ತಿದರು. ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ನೌಕರಿ ಮಾಡಬೇಕು, ಇದು ಕರಾರು.

ನ್ಯೂಯಾರ್ಕಿನಲ್ಲಿ ಹಿಡಿದ ವಿಷಯ

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೇಕಾದ ವಿಷಯ ಆರಿಸುವ ಸ್ವಾತಂತ್ರ್ಯ ಇತ್ತು. ಭೀಮರಾವ್ ಇತಿಹಾಸ ಓದಿದರು, ಸಮಾಜಶಾಸ್ತ್ರ ಓದಿದರು, ತತ್ವಶಾಸ್ತ್ರವನ್ನೂ ಓದಿದರು. ಆದರೆ ಎಲ್ಲಕ್ಕಿಂತ ಹೆಚ್ಚು ಓದಿದ್ದು ಅರ್ಥಶಾಸ್ತ್ರ. ಅದೊಂದರಲ್ಲೇ 29 ಕೋರ್ಸು. ಸಾರ್ವಜನಿಕ ಹಣಕಾಸಿನ ದೊಡ್ಡ ಪಂಡಿತ ಎಡ್ವಿನ್ ಸೆಲಿಗ್ಮನ್ ಅವರ ಗುರು. 1915ರಲ್ಲಿ ಎಂ.ಎ. ಆಯಿತು. ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ. ಆಮೇಲಿನ ದೊಡ್ಡ ಪ್ರಬಂಧ ಬ್ರಿಟಿಷ್ ಭಾರತದ ಪ್ರಾಂತಗಳ ಹಣಕಾಸು ಹೇಗೆ ಬೆಳೆಯಿತು ಅನ್ನುವುದರ ಮೇಲೆ. ಅದು 1925ರಲ್ಲಿ ಪುಸ್ತಕವಾಯಿತು, ಅದರಿಂದಲೇ ಡಾಕ್ಟರೇಟ್ ಬಂತು.

ಯಾಕ ಈ ವಿಷಯ ಹಿಡಿದರು? ವಿಚಾರ ಮಾಡ್ರಿ. ಒಂದು ರಾಜ್ಯ ಯಾರಿಂದ ತೆರಿಗೆ ತಗೋತದ, ಆ ರೊಕ್ಕ ಯಾರ ಮೇಲೆ ಖರ್ಚು ಮಾಡ್ತದ ಅನ್ನುವುದು ತಿಳಿದರೆ, ಆ ರಾಜ್ಯ ಯಾರದು ಅನ್ನುವುದು ತಿಳೀತದ. ಉಪ್ಪಿನ ಮೇಲೂ ತೆರಿಗೆ ಕಟ್ಟುವ ಬಡವನ ಓಣಿಗೆ ಸಾಲಿ ಇಲ್ಲ, ನಳ ಇಲ್ಲ ಅಂದರೆ ರೊಕ್ಕ ಎಲ್ಲಿ ಹೋಯಿತು? ಈ ಪ್ರಶ್ನೆ ಕೇಳಲು ಬಜೆಟ್ ಓದಲು ಬರಬೇಕು.

1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಮರುವರ್ಷವೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೆ ಬಿಟ್ಟು ಊರಿಗೆ ಬಂದರು. ಮಹಾಯುದ್ಧದ ಕಾಲ. ಅವರ ಪುಸ್ತಕದ ಸಾಮಾನು ಬೇರೆ ಹಡಗಿನಲ್ಲಿತ್ತು, ಆ ಹಡಗು ಸಮುದ್ರದಲ್ಲಿ ಮುಳುಗಿತು.

ಬಡೋದೆಯ ಲೆಕ್ಕದ ಕಚೇರಿ

ಕರಾರಿನಂತೆ ಬಡೋದೆಗೆ ಹೋದರು. ಮುಂದೆ ಸಂಸ್ಥಾನದ ಹಣಕಾಸಿನ ಮೇಲಧಿಕಾರಿ ಆಗಬೇಕು ಅನ್ನುವುದು ಮಹಾರಾಜರ ಮನಸ್ಸಿನಲ್ಲಿತ್ತು. ಮೊದಲು ಅಕೌಂಟಂಟ್ ಜನರಲ್ ಕಚೇರಿಯಲ್ಲಿ ಉಮೇದುವಾರಿ, ತಿಂಗಳಿಗೆ 150 ರೂಪಾಯಿ. ಪರದೇಶದಲ್ಲಿ ಓದಿ ಬಂದ ಮನುಷ್ಯನಿಗೆ ಚಪರಾಸಿ ಫೈಲು ಕೈಗೆ ಕೊಡದೇ ದೂರದಿಂದ ಎಸೆಯುತ್ತಿದ್ದ. ಊರಲ್ಲಿ ಇರಲು ಮನೆ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿಗಳ ಒಂದು ವಸತಿಗೃಹದಲ್ಲಿ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೇ ದಿನ ಬೆಳಗ್ಗೆ ಕೋಲು ಹಿಡಿದ ಹತ್ತಾರು ಮಂದಿ ಬಂದು ಸಂಜೆಯೊಳಗೆ ಖಾಲಿ ಮಾಡು ಅಂದರು. ಗೆಳೆಯರ ಮನೆಯಲ್ಲೂ ಜಾಗ ಸಿಗಲಿಲ್ಲ. ಊರ ತೋಟದಲ್ಲಿ ಹೊತ್ತು ಮುಳುಗುವ ತನಕ ಕುಂತು, ಕಣ್ಣೀರು ಹಾಕಿ, ರಾತ್ರಿಯ ಗಾಡಿಗೆ ಮುಂಬೈಗೆ ತಿರುಗಿ ಬಂದರು.

ಕೊಲಂಬಿಯಾದ ಎಂ.ಎ. ಕೈಯಲ್ಲಿತ್ತು. ಲೆಕ್ಕದ ಕಚೇರಿಯ ಕುರ್ಚಿಯೂ ಸಿಕ್ಕಿತ್ತು. ಆ ಕುರ್ಚಿಯ ಮೇಲೆ ಕೂತು ಕೆಲಸ ಮಾಡಲು ಊರು ಬಿಡಲಿಲ್ಲ.

ಮುಚ್ಚಿದ ಧಂದೆ, ತೆರೆದ ತರಗತಿ

ಮುಂಬೈಯಲ್ಲಿ ಹೊಟ್ಟೆಪಾಡಿಗೆ ಏನೆಲ್ಲ ಮಾಡಿದರು! ಮನೆಪಾಠ ಹೇಳಿದರು. ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಒಂದು ಸಣ್ಣ ಧಂದೆಯನ್ನೂ ತೆರೆದರು. ಹೌದು, ಬಾಬಾಸಾಹೇಬರು ಷೇರು ಬಜಾರಿನ ಸಲಹೆಗಾರರೂ ಆಗಿದ್ದರು. ಮೊದಮೊದಲು ಗಿರಾಕಿ ಬಂದರು. ಸಲಹೆ ಕೊಡುವವ ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಬರುವುದು ನಿಂತಿತು. ಸಲಹೆ ತಪ್ಪಾಗಿರಲಿಲ್ಲ. ಹೇಳಿದವನ ಜಾತಿ ಅವರಿಗೆ ತಪ್ಪಾಗಿ ಕಂಡಿತು. ಧಂದೆ ಮುಚ್ಚಿತು.

1918ರ ನವೆಂಬರ್‌ನಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಮರ್ಸ್ ಮತ್ತು ಎಕನಾಮಿಕ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಹುದ್ದೆ ಸಿಕ್ಕಿತು. ಪಗಾರ ತಿಂಗಳಿಗೆ 450 ರೂಪಾಯಿ. ಮುಂಬೈಯ ವ್ಯಾಪಾರಿಗಳ, ಸಾಹುಕಾರರ ಮಕ್ಕಳು ಎದುರಿಗೆ. ಇವನೇನು ಕಲಿಸ್ತಾನ ಅಂತ ಮೊದಲು ಅಲಕ್ಷ್ಯ ಮಾಡಿದ ಹುಡುಗರು ನಂತರ ಕಿವಿಗೊಟ್ಟು ಕೇಳತೊಡಗಿದರು, ಬೇರೆ ಕಾಲೇಜಿನವರೂ ಬಂದು ಕೂರತೊಡಗಿದರು. ಆದರೆ ಸ್ಟಾಫ್ ರೂಮಿನ ಕೊಡದ ನೀರು ಇವರು ಮುಟ್ಟಬಾರದು ಅಂತ ಕೆಲವು ಪ್ರೊಫೆಸರರು ತಕರಾರು ತೆಗೆದರು. ಪಾಠ ಬೇಕು, ನೀರು ಬೇಡ!

ಇದೇ 1918ರಲ್ಲಿ ಅವರು ಬರೆದ ಒಂದು ಲೇಖನ ನಮ್ಮ ಹಳ್ಳಿಗಳ ಬಗ್ಗೆನೇ ಅದ ಅನಿಸ್ತದ. ಭಾರತದ ಸಣ್ಣ ಹಿಡುವಳಿಗಳ ಮೇಲಿನ ಲೇಖನ ಅದು. ಹೊಲ ಸಣ್ಣದಾಗಿರುವುದೇ ರೋಗ, ಚೂರು ಹೊಲ ಕೂಡಿಸಿದರೆ ಎಲ್ಲ ಸರಿಹೋಗ್ತದ ಅಂತ ಆಗ ದೊಡ್ಡವರೆಲ್ಲ ಹೇಳುತ್ತಿದ್ದರು. ಬಾಬಾಸಾಹೇಬರು ಬೇರೆ ಲೆಕ್ಕ ಹಾಕಿದರು. ಭೂಮಿಯ ಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಜನ ಬಿದ್ದಿದ್ದಾರೆ. ಇವರಲ್ಲಿ ಬಹಳ ಮಂದಿಗೆ ಕೆಲಸವೇ ಇಲ್ಲ, ಇದ್ದಂತೆ ಕಾಣ್ತದ ಅಷ್ಟೇ. ಇವರನ್ನು ಉದ್ಯಮಕ್ಕೆ, ಕಸುಬಿಗೆ ಎಳೆದುಕೊಂಡರೆ ಹೊಲದ ಮೇಲಿನ ಭಾರವೂ ಇಳೀತದ, ದೇಶದ ಬಂಡವಾಳವೂ ಬೆಳೀತದ. ಅಕ್ಕಲಕೋಟ, ಜತ್ತದ ಕಡೆ ಎರಡೆಕರೆ ಒಣಭೂಮಿಯಲ್ಲಿ ನಾಲ್ಕು ಮಂದಿ ಅಣ್ಣತಮ್ಮಂದಿರು ಮಳೆ ಕಾಯುವುದನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ರೂಪಾಯಿಯ ಪ್ರಶ್ನೆ

ಪಗಾರದಲ್ಲಿ ಒಂದು ಪಾಲು ರಮಾಬಾಯಿಯವರ ಕೈಗೆ ಮನೆ ಖರ್ಚಿಗೆ, ಉಳಿದದ್ದು ಲಂಡನ್ನಿನ ಓದಿಗೆ. ಹೀಗೆ ಪೈಸೆ ಪೈಸೆ ಕೂಡಿಟ್ಟರು. ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು. ಗೆಳೆಯ ನವಲ್ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು. 1920ರಲ್ಲಿ ಬಿಟ್ಟ ಓದು ಹಿಡಿಯಲು ಮತ್ತೆ ಲಂಡನ್ನಿಗೆ ಹೋದರು. ಬೆಳಗ್ಗೆ ಬ್ರಿಟಿಷ್ ಮ್ಯೂಜಿಯಂ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಮುಚ್ಚುವ ಹೊತ್ತಿಗೆ ಏಳುತ್ತಿದ್ದರು. ಬಸ್ಸಿನ ರೊಕ್ಕ ಉಳಿಸಲು ನಡೆದೇ ಹೋಗುತ್ತಿದ್ದರು. ರಾತ್ರಿ ಹಸಿವಾದರೆ ಸುಟ್ಟ ಹಪ್ಪಳ, ಒಂದು ಕಪ್ಪು ಚಹಾ. ಇತ್ತ ಮುಂಬೈಯಲ್ಲಿ ರಮಾಬಾಯಿ ಅರೆಹೊಟ್ಟೆ ಉಂಡು ಮನೆ ನಡೆಸಿದರು. ಬಾಬಾಸಾಹೇಬರ ಪದವಿಗಳಲ್ಲಿ ಆ ತಾಯಿಯ ಪಾಲೂ ಅದ.

1921ರಲ್ಲಿ ಎಂ.ಎಸ್ಸಿ., ಆಮೇಲೆ ಬ್ಯಾರಿಸ್ಟರಿ, 1923ರಲ್ಲಿ ಡಿ.ಎಸ್ಸಿ. ಆಯಿತು. ಡಿ.ಎಸ್ಸಿ. ಪ್ರಬಂಧವೇ ‘ದಿ ಪ್ರಾಬ್ಲೆಮ್ ಆಫ್ ದಿ ರುಪಿ’ ಪುಸ್ತಕ. ಮೊದಲು ಬರೆದದ್ದು ಬ್ರಿಟಿಷ್ ಆಡಳಿತದ ಮೇಲೆ ಬಹಳ ಖಾರವಾಗಿದೆ ಅಂತ ಪರೀಕ್ಷಕರು ತಿರುಗಿ ಬರೆಸಿದರು. ಬಾಬಾಸಾಹೇಬರು ತೀರ್ಮಾನ ಬದಲಿಸದೇ ತಿದ್ದಿ ಕೊಟ್ಟರು. ಗುರು ಎಡ್ವಿನ್ ಕ್ಯಾನನ್ ಮುನ್ನುಡಿ ಬರೆದರು, ಒಪ್ಪದ ಕಡೆ ಒಪ್ಪಿಲ್ಲ ಅಂತ ಹೇಳಿಯೇ ಬರೆದರು.

ಆ ಪುಸ್ತಕದಲ್ಲಿ ಇರುವುದೇನು? ಸರಳವಾಗಿ ಹೇಳ್ತೀನಿ. 1893ಕ್ಕೆ ಮೊದಲು ಯಾರಾದರೂ ಬೆಳ್ಳಿ ತಂದು ಟಂಕಸಾಲೆಗೆ ಕೊಟ್ಟರೆ ರೂಪಾಯಿ ಮಾಡಿ ಕೊಡುತ್ತಿದ್ದರು. ಆ ವರ್ಷ ಸರ್ಕಾರ ಅದನ್ನು ನಿಲ್ಲಿಸಿತು. ಅಲ್ಲಿಂದ ಮುಂದೆ ಎಷ್ಟು ರೂಪಾಯಿ ಹೊರಗೆ ಬಿಡಬೇಕು ಅನ್ನುವುದು ಸರ್ಕಾರದವರ ಮನಸ್ಸಿಗೆ ಬಂದಂತೆ ಆಯಿತು. ಕೀನ್ಸ್‌ನಂಥ ದೊಡ್ಡ ಅರ್ಥಶಾಸ್ತ್ರಜ್ಞರು ಈ ವ್ಯವಸ್ಥೆ ಒಳ್ಳೆಯದೇ ಅಂದರು. ಬಾಬಾಸಾಹೇಬರು ಅಲ್ಲ ಅಂದರು. ರೂಪಾಯಿ ಬಿಡುವುದಕ್ಕೆ ಮಿತಿ ಇಲ್ಲದಿದ್ದರೆ ಸಾಮಾನಿನ ದರ ಏರ್ತದ. ದರ ಏರಿದರೆ ವ್ಯಾಪಾರಿಗೆ ಲಾಭ. ಕೂಲಿ ಮಾತ್ರ ದರದ ಹಿಂದೆ ಕುಂಟುತ್ತಾ ಬರ್ತದ. ಅಂದರೆ ನಾಣ್ಯ ಕೆಟ್ಟರೆ ಅದರ ದಂಡ ಕಟ್ಟುವವ ಕೂಲಿಯವ. ಅದಕ್ಕೇ ರೂಪಾಯಿ ಬಿಡುವುದಕ್ಕೆ ಕಾಯ್ದೆಯ ಕಡಿವಾಣ ಇರಬೇಕು, ಅಧಿಕಾರಿಯ ಮರ್ಜಿ ಅಲ್ಲ ಅನ್ನುವುದು ಅವರ ವಾದ. ಮುಂದೆ ಸಂವಿಧಾನ ಬರೆದವರ ಬುದ್ಧಿ ಇಲ್ಲೇ ಕಾಣ್ತದ ನೋಡ್ರಿ.

1925ರ ಡಿಸೆಂಬರ್‌ನಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಅವರು ಸಾಕ್ಷ್ಯ ಹೇಳಿದರು. ಭಾರತಕ್ಕೆ ಒಂದು ಕೇಂದ್ರ ಬ್ಯಾಂಕು ಬೇಕು ಅಂತ ಆ ಆಯೋಗ ಶಿಫಾರಸು ಮಾಡಿತು. 1934ರ ಕಾಯ್ದೆಯಿಂದ 1935ರ ಏಪ್ರಿಲ್ 1ಕ್ಕೆ ರಿಸರ್ವ್ ಬ್ಯಾಂಕ್ ಶುರುವಾಯಿತು. ರಿಸರ್ವ್ ಬ್ಯಾಂಕನ್ನು ಬಾಬಾಸಾಹೇಬರೊಬ್ಬರೇ ಕಟ್ಟಿದರು ಅಂತ ನಾವು ಭಾಷಣದಲ್ಲಿ ಹೇಳುವುದು ಬೇಡ. ಅವರ ದೊಡ್ಡತನಕ್ಕೆ ಉಬ್ಬಿಸಿದ ಮಾತು ಬೇಕಿಲ್ಲ. ದೇಶದ ನಾಣ್ಯದ ಪ್ರಶ್ನೆ ಬಂದಾಗ ಸರ್ಕಾರ ಕರೆದು ಕೇಳಿದ ತಜ್ಞರಲ್ಲಿ ಒಬ್ಬರು ಮಹಾರ ಕುಲದ ಸುಬೇದಾರನ ಮಗ, ಅವರಿಗೆ ಆಗ 34 ವರ್ಷ. ಇಷ್ಟು ಸತ್ಯವೇ ನಮಗೆ ಸಾಕು.

ಸೊಲ್ಲಾಪುರದ ವಸತಿಗೃಹ

ಈಗ ನಮ್ಮ ಊರಿನ ಮಾತು. 1924ರ ಜುಲೈ 20ರಂದು ಮುಂಬೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿತು. ಅದರ ಉದ್ದೇಶಗಳನ್ನು ನೋಡಿದರೆ ಬಾಬಾಸಾಹೇಬರ ಯೋಜನೆ ಗೊತ್ತಾಗ್ತದ: ವಸತಿಗೃಹ ತೆರೆಯುವುದು, ವಾಚನಾಲಯ ತೆರೆಯುವುದು, ಆರ್ಥಿಕ ಸ್ಥಿತಿ ಸುಧಾರಿಸಲು ಕೈಗಾರಿಕೆ ಮತ್ತು ಕೃಷಿ ಶಾಲೆ ತೆರೆಯುವುದು, ನಮ್ಮವರ ಕಷ್ಟವನ್ನು ಸರ್ಕಾರದ ಮುಂದಿಡುವುದು. ಕಸುಬಿನ ಶಿಕ್ಷಣ ಅವರ ಮೊದಲ ಸಂಸ್ಥೆಯ ಮೊದಲ ಕಾಗದದಲ್ಲೇ ಇತ್ತು.

ಆ ಸಭೆ ತನ್ನ ಮೊದಲ ವಸತಿಗೃಹ ಎಲ್ಲಿ ತೆರೆಯಿತು? ಮುಂಬೈಯಲ್ಲಲ್ಲ, ಪುಣೆಯಲ್ಲಲ್ಲ. 1925ರ ಜನವರಿ 4ರಂದು ನಮ್ಮ ಸೊಲ್ಲಾಪುರದಲ್ಲಿ. ಹುಡುಗರ ಊಟ, ಬಟ್ಟೆ, ಪುಸ್ತಕದ ಖರ್ಚು ಸಭೆಯದು. ನಗರಸಭೆಯೂ ನೆರವು ಕೊಟ್ಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಾಬಾಸಾಹೇಬರು ಅಧ್ಯಕ್ಷರಾಗಿ ಬಂದರು. ಮುಂದೆ ದಲಿತ ವರ್ಗ ಶಿಕ್ಷಣ ಸಂಸ್ಥೆಯ ವಸತಿಗೃಹಗಳಲ್ಲಿ ಒಂದು ಧಾರವಾಡದಲ್ಲಿ ನಡೆಯಿತು. ಕನ್ನಡ ನಾಡಿಗೂ ಅವರಿಗೂ ಸಂಬಂಧ ಹೀಗೆ ವಿದ್ಯಾರ್ಥಿಗಳ ಅನ್ನದ ತಟ್ಟೆಯಿಂದ ಶುರುವಾದದ್ದು. ಸೊಲ್ಲಾಪುರದ ಯಾವ ಓಣಿಯ ಹುಡುಗನೂ ಓದು ನಮ್ಮ ಮನೆತನಕ್ಕೆ ಹೊಸದು ಅನ್ನಬೇಕಾಗಿಲ್ಲ. ನೂರು ವರ್ಷದ ಹಿಂದೆಯೇ ಆ ಬಾಗಿಲು ಇಲ್ಲಿ ತೆರೆದದ.

ಆ ದಿನಗಳಲ್ಲಿ ಅವರ ಸ್ವಂತ ಸಂಸಾರ ಹೇಗೆ ನಡೆಯುತ್ತಿತ್ತು? ವಕೀಲಿಯಲ್ಲಿ ಗಿರಾಕಿ ಕಡಿಮೆ. 1925ರ ಜೂನ್‌ನಿಂದ 1928ರ ಮಾರ್ಚ್ ತನಕ ಮುಂಬೈಯ ಬಾಟ್ಲಿಬಾಯ್ ಅಕೌಂಟನ್ಸಿ ತರಬೇತಿ ಸಂಸ್ಥೆಯಲ್ಲಿ ಅರೆಕಾಲಿಕ ಪಾಠ ಹೇಳಿದರು. ವಿಷಯ ವ್ಯಾಪಾರಿ ಕಾಯ್ದೆ. ಕರಾರು ಅಂದ್ರ ಏನು, ಪಾಲುದಾರಿಕೆ ಅಂದ್ರ ಏನು, ಇಂಥವನ್ನು ಲೆಕ್ಕಪತ್ರದ ಹುಡುಗರಿಗೆ ಕಲಿಸುವ ಕೆಲಸ. ಇವತ್ತಿನ ಭಾಷೆಯಲ್ಲಿ ಅದು ವೃತ್ತಿ ಶಿಕ್ಷಣದ ತರಗತಿಯೇ. ಮಹಾಡ ಸತ್ಯಾಗ್ರಹ ನಡೆದ 1927ರಲ್ಲೂ ಅವರು ಈ ತರಗತಿಯ ಮಾಸ್ತರರು. ಹೋರಾಟವೂ ನಡೆಯಿತು, ತರಗತಿಯೂ ನಡೆಯಿತು.

ನೇಯ್ಗೆ ಖಾತೆಯ ಬಾಗಿಲು

ಗಿರಣಿ ಊರಿನವರು ನಾವು. ಈ ಸಂಗತಿ ನಮಗೆ ಬೇಗ ತಿಳೀತದ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಪಗಾರ ಇದ್ದದ್ದು ನೇಯ್ಗೆ ಖಾತೆಯಲ್ಲಿ. ಅಲ್ಲಿಗೆ ನಮ್ಮವರಿಗೆ ಪ್ರವೇಶ ಇರಲಿಲ್ಲ. ನೂಲು ಹರಿದರೆ ಬಾಯಿಯ ಎಂಜಲು ಹಚ್ಚಿ ಕೂಡಿಸಬೇಕು, ನಿಮ್ಮ ಎಂಜಲು ಮುಟ್ಟಿದ ನೂಲು ನಾವು ಹೇಗೆ ಮುಟ್ಟೋದು ಅಂತ ಉಳಿದ ಕಾರ್ಮಿಕರ ತಕರಾರು. ನಮ್ಮವರಿಗೆ ಕಡಿಮೆ ಪಗಾರದ ಖಾತೆಗಳೇ ಗತಿ. 1928ರ ದೊಡ್ಡ ಮುಷ್ಕರದಲ್ಲಿ ಬಾಬಾಸಾಹೇಬರು ಈ ಮಾತು ಎತ್ತಿದರು. ಎಲ್ಲ ಕಾರ್ಮಿಕರ ಬೇಡಿಕೆ ಅಂತ ಹೋರಾಡುವಾಗ ನೇಯ್ಗೆ ಖಾತೆಯ ಬಾಗಿಲು ತೆರೆಯುವ ಬೇಡಿಕೆಯೂ ಅದರಲ್ಲಿ ಇರಬೇಕು ಅಂದರು. ಮುಷ್ಕರದ ಮುಂದಾಳುಗಳು ಮನಸ್ಸಿಲ್ಲದೇ ಒಪ್ಪಿದರು.

ಇದರಲ್ಲಿ ನಮಗೊಂದು ಪಾಠ ಅದ. ಕಸುಬಿನ ಶಿಕ್ಷಣ ಅಂದ ಕೂಡಲೇ ಒಳ್ಳೆಯದು ಅಂತ ಕಣ್ಣು ಮುಚ್ಚಿ ಒಪ್ಪಬಾರದು. ಯಾವ ಕಸುಬು, ಯಾವ ಖಾತೆ, ಮೇಲೆ ಹೋಗುವ ಮೆಟ್ಟಿಲು ಅದೋ ಇಲ್ಲೋ ಕೇಳಬೇಕು. ನಮ್ಮ ಅಜ್ಜಂದಿರಿಗೆ ಕಸುಬು ಕಲಿಸುವವರು ಬೇಕಾಗಿರಲಿಲ್ಲ. ಸತ್ತ ದನ ಎಳೆಯುವ, ಕಸ ಬಳಿಯುವ ಕಸುಬು ಊರೇ ಹುಟ್ಟಿನಿಂದ ಕೊಟ್ಟಿತ್ತು. ಬಾಬಾಸಾಹೇಬರು ಬಿಡಿಸಲು ಹೋರಾಡಿದ್ದು ಆ ಕಸುಬನ್ನು, ತೆರೆಸಲು ಹೋರಾಡಿದ್ದು ಮುಚ್ಚಿದ ಖಾತೆಯನ್ನು.

ಅದೇ 1928ರಲ್ಲಿ ಮುಂಬೈ ಸರ್ಕಾರ ಸ್ಟಾರ್ಟ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಬಾಬಾಸಾಹೇಬರು ಅದರ ಸದಸ್ಯರು. 1930ರ ವರದಿಯಲ್ಲಿ ವಸತಿಗೃಹ, ವಿದ್ಯಾರ್ಥಿವೇತನದ ಜೊತೆಗೆ ಗಿರಣಿ ಮತ್ತು ರೈಲ್ವೆ ವರ್ಕ್‌ಶಾಪುಗಳಲ್ಲಿ ಕೆಲಸ ಕಲಿಯುವ ಹುಡುಗರಿಗೆ ವೇತನ ಕೊಡಬೇಕು ಅನ್ನುವ ಶಿಫಾರಸೂ ಬಂತು. 1936ರಲ್ಲಿ ಅವರು ಕಟ್ಟಿದ ಸ್ವತಂತ್ರ ಮಜೂರ ಪಕ್ಷದ ಕಾರ್ಯಕ್ರಮದಲ್ಲಿ ತಾಂತ್ರಿಕ ಶಿಕ್ಷಣಕ್ಕೆ ದೊಡ್ಡ ಜಾಗ ಇತ್ತು.

ದಿಲ್ಲಿಯಲ್ಲಿ ಕೂತು ಮಾಡಿದ್ದು

1942ರ ಜುಲೈನಲ್ಲಿ ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದರು. ಕೆಲವೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಕಷ್ಟದ ಮೇಲೆ ಒಂದು ದೊಡ್ಡ ಮನವಿ ಬರೆದುಕೊಟ್ಟರು. ಬರೀ ಕಲೆ, ಕಾನೂನು ಓದಿದರೆ ನಮ್ಮ ಜನಕ್ಕೆ ಹೆಚ್ಚಿನ ಉಪಯೋಗವಿಲ್ಲ, ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಶಿಕ್ಷಣ ಬೇಕು, ಅದರ ಖರ್ಚು ಬಡವರಿಗೆ ಆಗುವುದಿಲ್ಲ, ಅದಕ್ಕೆ ಸರ್ಕಾರವೇ ಕೊಡಬೇಕು ಅನ್ನುವುದು ಅದರ ತಿರುಳು. ಅವರು ಸ್ವತಃ ಕಾನೂನು ಓದಿದವರು, ಆದರೂ ಹೀಗೆ ಬರೆದರು ಅನ್ನುವುದನ್ನು ನೆನಪಿಡಿ.

ಫಲ ಬಂತು. 1943ರಲ್ಲಿ ಕೇಂದ್ರದ ನೌಕರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 8.33 ಮೀಸಲಾತಿ ಬಂತು. 1944ರಿಂದ ಮೆಟ್ರಿಕ್ ನಂತರದ ಓದಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ವಿದ್ಯಾರ್ಥಿವೇತನ ಶುರುವಾಯಿತು. ತಾಂತ್ರಿಕ ತರಬೇತಿಯಲ್ಲೂ ನಮ್ಮ ಹುಡುಗರಿಗೆ ಜಾಗ ಸಿಕ್ಕಿತು. ಇವತ್ತು ನೀವು ಮಹಾಡಿಬಿಟಿಯಲ್ಲಿ ಫಾರ್ಮ್ ತುಂಬಿ ತಗೊಳ್ಳುವ ಪೋಸ್ಟ್-ಮೆಟ್ರಿಕ್ ಸ್ಕಾಲರ್‌ಶಿಪ್‌ನ ಬೇರು ಅಲ್ಲೇ ಅದ. ಅದು ಯಾರದೋ ದಾನ ಅಲ್ಲ. ಒಬ್ಬ ಮನುಷ್ಯ ಕಡತ ಬರೆದು, ವಾದಿಸಿ, ದಿಲ್ಲಿಯ ತಿಜೋರಿಯಿಂದ ತೆಗೆಸಿಕೊಟ್ಟ ಹಕ್ಕು.

ಮುಂಜಾನೆಯ ಕಾಲೇಜು

1945ರ ಜುಲೈ 8ರಂದು ಪೀಪಲ್ಸ್ ಎಜುಕೇಷನ್ ಸೊಸೈಟಿ, 1946ರ ಜೂನ್‌ನಲ್ಲಿ ಮುಂಬೈಯ ಸಿದ್ಧಾರ್ಥ ಕಾಲೇಜು ಶುರುವಾದವು. ನೌಕರಿ ಮಾಡುವ ಬಡ ಹುಡುಗರೂ ಓದಬೇಕು ಅಂತ ತರಗತಿಗಳನ್ನು ಬೆಳಗಿನ ಹೊತ್ತು ಇಟ್ಟರು. ಕ್ಲಾಸು ಮುಗಿಸಿ ನೇರ ಆಫೀಸಿಗೆ ಹೋಗಬಹುದು. ರಾತ್ರಿ ಸಾಲಿಯೂ ಬಂತು. 1950ರಲ್ಲಿ ಔರಂಗಾಬಾದಿನ ಕಾಲೇಜು, ಮುಂದೆ ಅದೇ ಮಿಲಿಂದ. 1953ರಲ್ಲಿ ಸಿದ್ಧಾರ್ಥ ಕಾಮರ್ಸ್ ಮತ್ತು ಎಕನಾಮಿಕ್ಸ್ ಕಾಲೇಜು. 1956ರಲ್ಲಿ ಸಿದ್ಧಾರ್ಥ ಕಾನೂನು ಕಾಲೇಜು.

ಈ 1953ರ ಹೆಸರನ್ನು ಇನ್ನೊಮ್ಮೆ ಓದಿರಿ. ಯಾವ ಕಾಮರ್ಸ್ ಮತ್ತು ಎಕನಾಮಿಕ್ಸ್ ಕಾಲೇಜಿನಲ್ಲಿ ನೀರಿನ ಕೊಡ ಮುಟ್ಟಬೇಡ ಅಂದಿದ್ದರೋ, 35 ವರ್ಷದ ನಂತರ ಅದೇ ವಿಷಯಗಳ ತಮ್ಮದೇ ಕಾಲೇಜನ್ನು ಅದೇ ಊರಲ್ಲಿ ಕಟ್ಟಿದರು. ಅಲ್ಲಿಗೆ ಎಲ್ಲ ಜಾತಿಯವರೂ ಬಂದರು. ಷೇರು ಸಲಹೆಯ ಧಂದೆ ಒಬ್ಬಂಟಿಯಾಗಿ ತೆರೆದದ್ದು, ಜಾತಿ ಅದನ್ನು ಮುಚ್ಚಿಸಿತು. ಸಂಸ್ಥೆ ಮಾಡಿ ಕಟ್ಟಿದ್ದನ್ನು ಯಾರೂ ಮುಚ್ಚಿಸಲು ಆಗಲಿಲ್ಲ.

ಸಂವಿಧಾನದಲ್ಲೂ ಈ ಲೆಕ್ಕದ ಮನುಷ್ಯ ಕಾಣ್ತಾರ. ಕೇಂದ್ರ ಮತ್ತು ರಾಜ್ಯಗಳ ನಡುವೆ ರೊಕ್ಕ ಹಂಚುವ ಹಣಕಾಸು ಆಯೋಗ 280ನೇ ಅನುಚ್ಛೇದದಲ್ಲಿ ಅದ. ಸರ್ಕಾರದ ಖರ್ಚು ತಪಾಸಣೆ ಮಾಡುವ ಮಹಾಲೇಖಪಾಲರ ಹುದ್ದೆಯನ್ನು ಅವರು ಬಹಳ ದೊಡ್ಡದೆಂದು ತಿಳಿದಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ಧಮ್ಮ ಸ್ವೀಕರಿಸಿದರು. ಡಿಸೆಂಬರ್ 6ರಂದು ದಿಲ್ಲಿಯಲ್ಲಿ ಕಣ್ಣು ಮುಚ್ಚಿದರು.

ಈಗ ನಿಮ್ಮ ಪಾಳಿ

ತಮ್ಮಾ, ತಂಗಿ, ಈಗ ನಿಮ್ಮ ಲೆಕ್ಕ. 2012-13ರ ಸುಮಾರಿಗೆ ಯುಜಿಸಿ ಸಮುದಾಯ ಕಾಲೇಜುಗಳ ಯೋಜನೆ ತಂದಿತು. ಸರ್ಟಿಫಿಕೇಟ್, ಡಿಪ್ಲೊಮಾ, ಅದರ ಮೇಲೆ ಬಿ.ವೋಕ್. ಪದವಿ. ಬಿ.ವೋಕ್.ನಲ್ಲಿ ಶೇ. 60 ಕೌಶಲ, ಶೇ. 40 ಸಾಮಾನ್ಯ ಶಿಕ್ಷಣ. ಬ್ಯಾಂಕಿಂಗ್, ಹಣಕಾಸು, ವಿಮೆ, ಲೆಕ್ಕಪತ್ರ, ಜಿಎಸ್‌ಟಿ, ಟ್ಯಾಲಿ, ಬಟ್ಟೆ ಉದ್ಯಮ ಹೀಗೆ ಬೇರೆ ಬೇರೆ ಕಡೆ ಬೇರೆ ಬೇರೆ ಕೋರ್ಸು. ಹಳ್ಳಿಯಲ್ಲಿ ಬ್ಯಾಂಕಿನ ಪ್ರತಿನಿಧಿಯಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರಿಗೂ ಪರೀಕ್ಷೆ, ಸರ್ಟಿಫಿಕೇಟ್ ಅದ.

ಸೇರುವ ಮೊದಲು ನಾಲ್ಕು ಪ್ರಶ್ನೆ ಕೇಳ್ರಿ. ಈ ಕೋರ್ಸಿಗೆ ವಿಶ್ವವಿದ್ಯಾಲಯದ ಮಾನ್ಯತೆ ಅದೋ? ಇದರ ಕ್ರೆಡಿಟ್ ಹಿಡಿದು ಮುಂದೆ ಡಿಪ್ಲೊಮಾ, ಪದವಿಗೆ ಹೋಗಬಹುದೋ? ನಿಜವಾದ ಕಚೇರಿಯಲ್ಲಿ ಕೆಲಸ ಕಲಿಸ್ತಾರೋ, ಬರೀ ನೋಟ್ಸ್ ಕೊಡ್ತಾರೋ? ಸ್ಕಾಲರ್‌ಶಿಪ್ ಅನ್ವಯಿಸ್ತದೋ? ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದ ಮೇಲೆ ಕೇಳ್ರಿ. ಜಾತಿ ಪ್ರಮಾಣಪತ್ರ, ವ್ಯಾಲಿಡಿಟಿ, ಉತ್ಪನ್ನದ ದಾಖಲೆ ಈಗಲೇ ಮಾಡಿಸಿ ಇಟ್ಟುಕೊಳ್ರಿ. ಕಡೇ ದಿನ ತಹಶೀಲಿಯ ಮುಂದೆ ಸಾಲಿನಲ್ಲಿ ನಿಂತು ಅಳುವುದು ಬೇಡ. ಭಾಷೆ ಕಷ್ಟ ಅಂತ ಹಿಂದೆ ಸರಿಯಬೇಡ್ರಿ. ಬೇಕಾದ ಭಾಷೆ ಕಲಿಸದ ಸಾಲಿಯಲ್ಲಿ ಬೇರೆ ಭಾಷೆ ಹಿಡಿದು ಪಾಸಾದವರ ಮಕ್ಕಳು ನಾವು.

ಕಲಿತವರು ಮೊದಲ ಕೆಲಸ ಮನೆಯಲ್ಲೇ ಮಾಡ್ರಿ. ಅವ್ವನ ಬಚತ್ ಗಟದ ಪಾಸ್‌ಬುಕ್ ತೆಗೀರಿ. ತಗೊಂಡ ಸಾಲ ಎಷ್ಟು, ಕಟ್ಟಿದ ಹಫ್ತಾ ಎಷ್ಟು, ಬಡ್ಡಿ ವರ್ಷಕ್ಕೆ ಎಷ್ಟು ಬೀಳ್ತದ, ಕೂಡಿಸಿ ಹೇಳ್ರಿ. ಗಟದ ಜಮಾ-ಖರ್ಚಿನ ವಹಿ ಬೇರೆ ಓಣಿಯವರ ಕೈಯಲ್ಲಿ ಇದ್ದರೆ ನಮ್ಮ ಹೆಣ್ಣುಮಕ್ಕಳಿಗೇ ಬರೆಯಲು ಕಲಿಸ್ರಿ. ನಮ್ಮ ಮಂಡಳದ ಜಯಂತಿ ವರ್ಗಣಿಯ ಲೆಕ್ಕವನ್ನೂ ಗೋಡೆಗೆ ಹಚ್ಚೋಣ. ಸರ್ಕಾರದ ಲೆಕ್ಕ ಕೇಳುವವರು ಮೊದಲು ತಮ್ಮ ಲೆಕ್ಕ ತೋರಿಸಬೇಕು.

ಬ್ಯಾಂಕಿನಲ್ಲಿ ನೌಕರಿ ಸಿಕ್ಕರೆ ಜಾತಿ ಓಡಿಹೋಗ್ತದ ಅಂತ ಯಾರೂ ಹೇಳಲಾರರು. ಮಸೂರದ ಗಾಡಿ, ಬಡೋದೆಯ ಕಚೇರಿ, ಸಿಡೆನ್‌ಹ್ಯಾಮಿನ ಕೊಡ ನೋಡಿದ ಮೇಲೆ ಆ ಭ್ರಮೆ ಬೇಡ. ಆದರೆ ಲೆಕ್ಕ ಬರದವನಿಗೆ ಜಾತಿಯ ಪೆಟ್ಟಿನ ಜೊತೆಗೆ ಬಡ್ಡಿಯ ಪೆಟ್ಟೂ ಬೀಳ್ತದ. ಎರಡನೇ ಪೆಟ್ಟು ತಪ್ಪಿಸಿಕೊಂಡವನಿಗೆ ಮೊದಲನೆಯದರ ವಿರುದ್ಧ ನಿಲ್ಲಲು ಬಲ ಬರ್ತದ. ಸೊಲ್ಲಾಪುರದಲ್ಲಿ 1925ರಲ್ಲಿ ತೆರೆದ ಬಾಗಿಲಿನೊಳಗೆ ಈ ವರ್ಷ ನಮ್ಮ ಓಣಿಯಿಂದ ಎಷ್ಟು ಮಂದಿ ಹೋಗ್ತೀರಿ ಅನ್ನುವುದನ್ನು ಮುಂದಿನ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಅಂಕಿಯಲ್ಲಿ ಬರೆಯೋಣ.

ಜೈ ಭೀಮ.